ನೀರಿನ ಪಾಳಿಯೂ ಹೃದಯದ ಆರೋಗ್ಯವೂ

ಅಡಿಕೆ-ಕಾಫಿ ಬೆಳೆಗಾರರ ಪತ್ರಿಕೆಯಲ್ಲಿ ಕೊಳೆರೋಗ, ಕಾಂಡಕೊರಕಗಳ ವಿಚಾರ ಬಿಟ್ಟು ಹೃದಯದ ವಿಚಾರವೇಕೆ ಎಂದು ಓದುಗರು ಕೇಳುವುದು ಸಹಜ. ತೋಟಕ್ಕೆ ರೋಗ ಬಂದರೆ ಔಷಧಿ ಹೊಡೆಯುವವನು ಬೆಳೆಗಾರ. ಆ ಬೆಳೆಗಾರನೇ ಐವತ್ತರ ಹೊತ್ತಿಗೆ ಎದೆ ಹಿಡಿದುಕೊಂಡು ಕುಳಿತರೆ ತೋಟದ ಗತಿಯೇನು? ಆದುದರಿಂದ ಈ ಸಲ ಮರದ ಆರೋಗ್ಯವನ್ನು ಬದಿಗಿಟ್ಟು, ಮರಕ್ಕೆ ನೀರು ಬಿಡುವವನ ಆರೋಗ್ಯವನ್ನು ವಿಚಾರಿಸೋಣ.

ವೈದ್ಯರ ಪುಸ್ತಕಗಳಲ್ಲಿ ರಾತ್ರಿ ಪಾಳಿಯ ಕೆಲಸ ಎಂದರೆ ಗಿರಣಿ, ಆಸ್ಪತ್ರೆ, ರೈಲ್ವೆ, ಪೊಲೀಸು. ಆ ಪಟ್ಟಿಯಲ್ಲಿ ರೈತನ ಹೆಸರು ಸಾಮಾನ್ಯವಾಗಿ ಕಾಣುವುದಿಲ್ಲ. ಆದರೆ ಕರೆಂಟು ರಾತ್ರಿ ಹತ್ತಕ್ಕೆ ಬಂದು ಬೆಳಗಿನ ಜಾವ ಹೋಗುವುದಾದರೆ, ಅಷ್ಟು ಹೊತ್ತೂ ಸ್ಟಾರ್ಟರ್ ಪೆಟ್ಟಿಗೆಯ ಬಳಿ ಕೂತು, ಮಡಿಯಿಂದ ಮಡಿಗೆ ನೀರು ತಿರುಗಿಸುತ್ತ ಕಳೆಯುವವನು ಪಾಳಿಗಾರನಲ್ಲದೆ ಮತ್ತೇನು? ಅವನಿಗೆ ಹಾಜರಿ ಪುಸ್ತಕವಿಲ್ಲ, ಭತ್ಯವಿಲ್ಲ ಅಷ್ಟೆ.

ಈ ಮಾತು ಚೆನ್ನಾಗಿ ಮನವರಿಕೆಯಾಗಬೇಕಾದರೆ ಮಲೆನಾಡನ್ನು ಬಿಟ್ಟು ಬಡಗಣಕ್ಕೆ, 2014ರವರೆಗೆ ಬಿಜಾಪುರವೆನಿಸಿದ್ದ ಈಗಿನ ವಿಜಯಪುರ ಜಿಲ್ಲೆಗೆ ಹೋಗಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ತಾಲ್ಲೂಕುಗಳು ಅಡಿಕೆ-ಕಾಫಿಯ ಸೀಮೆಯಲ್ಲ. ಜೋಳ, ತೊಗರಿ, ಹತ್ತಿ, ಕಬ್ಬು, ದ್ರಾಕ್ಷಿ, ಲಿಂಬೆಗಳ ಸೀಮೆ. ಆದರೂ ಅಲ್ಲಿಗೇ ಹೋಗುವುದಕ್ಕೆ ಕಾರಣವಿದೆ. ಕಾರ್ಖಾನೆಯ ಪಾಳಿ, ಹೊಲದ ಪಾಳಿ ಎರಡೂ ಅಲ್ಲಿ ಒಂದೇ ಬಯಲಿನಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ ಕಾಣಸಿಗುತ್ತವೆ.

ಹಳೆಯ ಬಸವನಬಾಗೇವಾಡಿ ತಾಲ್ಲೂಕಿನ ಕೂಡಗಿಯಲ್ಲಿ ಎನ್.ಟಿ.ಪಿ.ಸಿ.ಯವರ 2400 ಮೆಗಾವಾಟಿನ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿದೆ. ತಲಾ 800 ಮೆಗಾವಾಟಿನ ಮೂರು ಘಟಕಗಳು 2017-18ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಅದಕ್ಕೆ ನೀರು ಕೊಡುವುದು ಆಲಮಟ್ಟಿ ಜಲಾಶಯ. ಇಂಥ ಸ್ಥಾವರವನ್ನು ಸಂಜೆ ಆರಿಸಿ ಬೆಳಿಗ್ಗೆ ಹೊತ್ತಿಸಲು ಅದು ಅಡಿಗೆಮನೆಯ ಒಲೆಯಲ್ಲ. ಹಗಲಿರುಳೂ ಮೂರು ಪಾಳಿಯಲ್ಲಿ ಜನ ಬೇಕು. ಇಂಡಿ ತಾಲ್ಲೂಕಿನ ಮರಗೂರಿನಲ್ಲಿ ಭೀಮಾಶಂಕರ ಸಹಕಾರಿ ಸಕ್ಕರೆ ಕಾರ್ಖಾನೆಯಿದೆ. ಕಬ್ಬು ಅರೆಯುವ ಹಂಗಾಮು ಬಂತೆಂದರೆ ಸಕ್ಕರೆ ಕಾರ್ಖಾನೆಯ ಗಾಣಕ್ಕೂ ರಾತ್ರಿಯೆಂಬುದಿಲ್ಲ, ಹೊರಗೆ ಸಾಲುಗಟ್ಟಿ ನಿಂತ ಟ್ರ್ಯಾಕ್ಟರಿನ ಚಾಲಕನಿಗೂ ಇಲ್ಲ.

ಇನ್ನು ಹೊಲ. ಇಂಡಿಯು ಲಿಂಬೆಗೆ ಎಷ್ಟು ಹೆಸರಾದ ಊರೆಂದರೆ ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿಯೇ ಅಲ್ಲಿದೆ. ಲಿಂಬೆಯೂ ನಮ್ಮ ಅಡಿಕೆಯ ಹಾಗೆ ಬಹುವರ್ಷದ ಬೆಳೆ. ಬೇಸಿಗೆಯಲ್ಲಿ ನೀರು ತಪ್ಪಿದರೆ ಆ ವರ್ಷದ ಫಸಲು ಮಾತ್ರವಲ್ಲ, ಗಿಡವೇ ಹೋದೀತು. ಆದ್ದರಿಂದ ನಿದ್ದೆ ತಪ್ಪಿದರೂ ನೀರು ತಪ್ಪಬಾರದು ಎಂದು ರೈತ ಲೆಕ್ಕ ಹಾಕುತ್ತಾನೆ. ಬೋರ್‌ವೆಲ್ ಮೋಟಾರಿಗೆ ತ್ರೀ ಫೇಸ್ ಬೇಕು. ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ 2008ರಿಂದ ಕರೆಂಟು ಉಚಿತ. ದಿನಕ್ಕೆ 7 ಗಂಟೆ ತ್ರೀ ಫೇಸ್ ಎಂಬುದು ಸರ್ಕಾರದ ಮಾತು. 2023ರ ಬರಗಾಲದಲ್ಲಿ ಅದು ಕೆಲಕಾಲ 5 ಗಂಟೆಗೆ ಇಳಿದದ್ದೂ ಉಂಟು. ಆ ಗಂಟೆಗಳು ಹಗಲೇ ಬರಬೇಕೆಂದಿಲ್ಲ. ಅನೇಕ ಫೀಡರುಗಳಲ್ಲಿ ಒಂದು ವಾರ ಹಗಲು, ಮುಂದಿನ ವಾರ ರಾತ್ರಿ. ಇದಕ್ಕೆ ಕಾರಣ ಸರಳ. ಊರೆಲ್ಲ ಮಲಗಿದಾಗ ಬೇಡಿಕೆ ಇಳಿಯುತ್ತದೆ, ಆದರೆ ಕಲ್ಲಿದ್ದಲಿನ ಸ್ಥಾವರ ಉರಿಯುತ್ತಲೇ ಇರಬೇಕು. ಆ ಹೊತ್ತಿನ ಕರೆಂಟನ್ನು ಹೊಲಕ್ಕೆ ತಿರುಗಿಸುತ್ತಾರೆ. ಹೀಗೆ ಸ್ಥಾವರದೊಳಗಿನವನೂ ಹೊಲದಲ್ಲಿರುವವನೂ ಒಂದೇ ತಂತಿಯ ಎರಡು ತುದಿಯಲ್ಲಿ ಎಚ್ಚರವಾಗಿರುತ್ತಾರೆ. ಮುದ್ದೇಬಿಹಾಳ, ಸಿಂದಗಿಯ ಕಾಲುವೆಯ ಕೆಳಗಿನವರಿಗೂ ಈ ಕಷ್ಟ ತಪ್ಪಿದ್ದಲ್ಲ. ವಾರಾಬಂದಿಯ ಸರದಿ ನಡುರಾತ್ರಿ ಬಂದರೆ ನಡುರಾತ್ರಿಯೇ ಏಳಬೇಕು. ಮಲಗಿದವನ ನೀರು ಮೇಲಿನ ಹೊಲಕ್ಕೆ ಹರಿದುಹೋಗುತ್ತದೆ.

ರಾತ್ರಿ ನೀರಿಗೆ ಹೋದವರ ವಿಷಯದಲ್ಲಿ ಹಾವು ಕಚ್ಚಿದ್ದು, ಶಾಕ್ ಹೊಡೆದದ್ದು ಸುದ್ದಿಯಾಗುತ್ತದೆ. ಅದು ಆ ರಾತ್ರಿಯೇ ಕಾಣುವ ಅಪಾಯ. ಹೃದಯಕ್ಕೆ ಆಗುವ ಕೇಡು ಹಾಗಲ್ಲ. ಅದು ಹತ್ತು-ಹದಿನೈದು ವರ್ಷ ಸದ್ದಿಲ್ಲದೆ ಜಮೆಯಾಗಿ, ಕೊನೆಗೊಂದು ದಿನ ಹೊರಬಿದ್ದಾಗ ಅದನ್ನು ಯಾರೂ ನೀರಿನ ಪಾಳಿಯ ಖಾತೆಗೆ ಬರೆಯುವುದಿಲ್ಲ.

ಒಳಗಿನ ಗಡಿಯಾರ

ತೋಟದಲ್ಲಿ ಕಾಲಿಗೆ ತೊಡರುವ ಮುಟ್ಟಿದರೆ ಮುನಿ ಗಿಡವನ್ನು ಎಲ್ಲರೂ ಬಲ್ಲರು. ಅದು ಮುಟ್ಟಿದಾಗ ಮಾತ್ರವಲ್ಲ, ಸಂಜೆಯಾದರೂ ಎಲೆ ಮಡಿಸುತ್ತದೆ. 1729ರಲ್ಲಿ ಫ್ರಾನ್ಸಿನ ದ ಮೇರಾನ್ ಎಂಬ ವಿಜ್ಞಾನಿ ಇಂಥದೇ ಒಂದು ಗಿಡವನ್ನು ಬೆಳಕು ಬಾರದ ಕಡೆ ಇಟ್ಟು ನೋಡಿದ. ಸೂರ್ಯ ಕಾಣದಿದ್ದರೂ ಗಿಡ ಹಗಲಿನ ಹೊತ್ತಿಗೆ ಎಲೆ ಬಿಡಿಸಿತು, ರಾತ್ರಿಯ ಹೊತ್ತಿಗೆ ಮಡಿಸಿತು. ಅಂದರೆ ಗಡಿಯಾರ ಆಕಾಶದಲ್ಲಿ ಮಾತ್ರ ಇಲ್ಲ, ಗಿಡದೊಳಗೇ ಇದೆ.

ಮನುಷ್ಯನಲ್ಲಿಯೂ ಹಾಗೆಯೇ. ಮಿದುಳಿನ ತಳಭಾಗದಲ್ಲಿ, ಕಣ್ಣಿನಿಂದ ಬರುವ ನರಗಳು ಹಾಯುವ ಜಾಗಕ್ಕೆ ತುಸು ಮೇಲೆ ಒಂದು ಚಿಕ್ಕ ಜೀವಕೋಶಗಳ ಗುಂಪಿದೆ. ಅದೇ ಹಿರಿಯ ಗಡಿಯಾರ. ಬೆಳಕು ಬಿದ್ದಂತೆ ಅದು ದಿನವೂ ವೇಳೆ ಸರಿಪಡಿಸಿಕೊಳ್ಳುತ್ತದೆ. ಹೃದಯ, ಪಿತ್ತಜನಕಾಂಗ, ರಕ್ತನಾಳ ಎಲ್ಲದರಲ್ಲಿಯೂ ಕಿರಿಯ ಗಡಿಯಾರಗಳಿವೆ. ಜೀವಕೋಶದೊಳಗೆ ಈ ಗಡಿಯಾರ ಹೇಗೆ ಓಡುತ್ತದೆ ಎಂಬುದನ್ನು ತೋರಿಸಿದ ಹಾಲ್, ರಾಸ್‌ಬಾಷ್, ಯಂಗ್ ಎಂಬ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಹುಮಾನ ಬಂತು.

ಈ ಗಡಿಯಾರದ ಲೆಕ್ಕದಲ್ಲಿ ರಾತ್ರಿ ಎಂದರೆ ಹೃದಯದ ಬಿಡುವಿನ ವೇಳೆ. ಆರೋಗ್ಯವಂತನು ಮಲಗಿದಾಗ ರಕ್ತದೊತ್ತಡ ಹಗಲಿಗಿಂತ ಶೇಕಡಾ 10ರಿಂದ 20ರಷ್ಟು ಇಳಿಯುತ್ತದೆ, ನಾಡಿ ನಿಧಾನವಾಗುತ್ತದೆ. ಬೆಳಗಿನ ಜಾವ ದೇಹ ಏಳುವ ಸಿದ್ಧತೆ ನಡೆಸಿ ಒತ್ತಡವನ್ನು ಮೆಲ್ಲಗೆ ಏರಿಸುತ್ತದೆ. ರಕ್ತ ಹೆಪ್ಪುಗಟ್ಟುವ ಗುಣವೂ ಆ ಹೊತ್ತಿಗೆ ಹೆಚ್ಚು. ಹೃದಯಾಘಾತಗಳು ಬೆಳಿಗ್ಗೆ ಆರರಿಂದ ಮಧ್ಯಾಹ್ನದೊಳಗೆ ಹೆಚ್ಚಾಗಿ ಆಗುವುದಕ್ಕೆ ಇದೂ ಒಂದು ಕಾರಣವೆನ್ನುತ್ತಾರೆ. ಈಗ ಇಡೀ ರಾತ್ರಿ ಸಲಿಕೆ ಹಿಡಿದು ನೀರು ತಿರುಗಿಸಿದವನನ್ನು ನೋಡಿ. ಅವನ ರಕ್ತದೊತ್ತಡ ಇಳಿಯಬೇಕಾದ ಹೊತ್ತಿನಲ್ಲಿ ಇಳಿಯಲಿಲ್ಲ. ಬೆಳಿಗ್ಗೆ ಮಲಗಲು ಹೋದರೆ ಗಡಿಯಾರ ಏಳು ಎನ್ನುತ್ತಿದೆ. ರಾತ್ರಿ ಇಳಿಯದ ರಕ್ತದೊತ್ತಡ ವರ್ಷಗಟ್ಟಲೆ ಹಾಗೆಯೇ ಉಳಿದರೆ ಹೃದಯದ ಗೋಡೆ ದಪ್ಪವಾಗುತ್ತದೆ, ರಕ್ತನಾಳದ ಒಳಮೈ ಒರಟಾಗುತ್ತದೆ, ಕೊಬ್ಬು ಅಂಟಿಕೊಳ್ಳಲು ಜಾಗ ಸಿಗುತ್ತದೆ.

ಊಟದ ಕಥೆಯೂ ಹೀಗೆಯೇ. ರಾತ್ರಿ ಎರಡು ಗಂಟೆಗೆ ತಿಂದ ರೊಟ್ಟಿಯೂ ಮಧ್ಯಾಹ್ನ ಎರಡಕ್ಕೆ ತಿಂದ ರೊಟ್ಟಿಯೂ ದೇಹಕ್ಕೆ ಒಂದೇ ಅಲ್ಲ. ರಾತ್ರಿ ಇನ್ಸುಲಿನ್ ಮಂದವಾಗಿರುತ್ತದೆ. ಸಕ್ಕರೆಯೂ ಕೊಬ್ಬೂ ರಕ್ತದಲ್ಲಿ ಹೆಚ್ಚು ಹೊತ್ತು ತಿರುಗುತ್ತಿರುತ್ತವೆ. ಅಮೆರಿಕದ ಬಾಸ್ಟನ್ನಿನಲ್ಲಿ ಹತ್ತು ಮಂದಿಯನ್ನು ಪ್ರಯೋಗಾಲಯದಲ್ಲಿರಿಸಿ, ದಿನಕ್ಕೆ 28 ಗಂಟೆ ಎಂಬಂತೆ ಬದುಕಿಸಿ, ಒಳಗಿನ ಗಡಿಯಾರಕ್ಕೂ ಊಟ-ನಿದ್ದೆಗೂ ಹೊಂದಾಣಿಕೆ ತಪ್ಪಿಸಿ ನೋಡಿದರು. ರಕ್ತದೊತ್ತಡ, ಸಕ್ಕರೆ ಎರಡೂ ಏರಿದವು. ಕೆಲವರಲ್ಲಿ ಊಟದ ನಂತರದ ಸಕ್ಕರೆ ಸಿಹಿಮೂತ್ರದ ಅಂಚಿನವರೆಗೆ ಹೋಯಿತು. ಇದು 2009ರಲ್ಲಿ ಪ್ರಕಟವಾದ ಪ್ರಯೋಗ. ಆ ಜನ ಆರೋಗ್ಯವಂತರು, ಪ್ರಯೋಗವೂ ಕೆಲವೇ ದಿನಗಳದ್ದು ಎಂಬುದನ್ನು ಗಮನಿಸಬೇಕು.

ವರ್ಷಗಳ ಲೆಕ್ಕ

ಕೆಲವು ದಿನಗಳ ಮಾತು ಬಿಟ್ಟು ವರ್ಷಗಳ ಮಾತಿಗೆ ಬರೋಣ. ಸ್ವೀಡನ್ನಿನ ಕಾಗದದ ಗಿರಣಿಯೊಂದರ 504 ಕೆಲಸಗಾರರನ್ನು 15 ವರ್ಷ ಹಿಂಬಾಲಿಸಿದ ಅಧ್ಯಯನ 1986ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಬಂತು. ಹಗಲು ಮಾತ್ರ ದುಡಿಯುವವರಿಗೆ ಹೋಲಿಸಿದರೆ 11ರಿಂದ 15 ವರ್ಷ ಪಾಳಿ ಮಾಡಿದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಎರಡು ಪಟ್ಟಿಗಿಂತ ತುಸು ಹೆಚ್ಚು. 16ರಿಂದ 20 ವರ್ಷ ಮಾಡಿದವರಲ್ಲಿ ಇನ್ನೂ ಹೆಚ್ಚು. ಆಶ್ಚರ್ಯವೆಂದರೆ 20 ವರ್ಷ ಮೀರಿದವರಲ್ಲಿ ಅಪಾಯ ಇಳಿದಂತೆ ಕಂಡಿತು. ಪಾಳಿ ಒಗ್ಗಿಹೋಯಿತೇ? ಅಲ್ಲ. ತಾಳಲಾರದವರು ಅಷ್ಟರೊಳಗೆ ಆ ಕೆಲಸ ಬಿಟ್ಟಿರುತ್ತಾರೆ, ಗಟ್ಟಿಗರು ಮಾತ್ರ ಉಳಿದಿರುತ್ತಾರೆ. ಸತ್ತ ಅಡಿಕೆ ಮರಗಳನ್ನು ಕಡಿದು ಹಾಕಿ, ಉಳಿದವನ್ನು ಎಣಿಸಿ ತೋಟ ಸೊಗಸಾಗಿದೆ ಎಂದ ಹಾಗೆ. ನಮ್ಮಜ್ಜ ಎಪ್ಪತ್ತರವರೆಗೂ ರಾತ್ರಿ ನೀರು ಕಟ್ಟಿದರು, ಅವರಿಗೇನೂ ಆಗಲಿಲ್ಲ ಎಂಬ ವಾದವನ್ನು ಕೇಳಿದಾಗ ಇದನ್ನು ನೆನೆಯಬೇಕು.

ಆಮೇಲೆ ಬಂದ ಅಧ್ಯಯನಗಳ ಸಂಖ್ಯೆ ಇಷ್ಟು ಭಯಂಕರವಲ್ಲ, ಆದರೆ ದಿಕ್ಕು ಅದೇ. 2012ರಲ್ಲಿ 34 ಅಧ್ಯಯನಗಳನ್ನು, ಒಟ್ಟು 20 ಲಕ್ಷಕ್ಕೂ ಹೆಚ್ಚು ಜನರನ್ನು ಒಟ್ಟುಗೂಡಿಸಿ ನೋಡಿದಾಗ ಪಾಳಿ ಕೆಲಸದವರಲ್ಲಿ ಹೃದಯಾಘಾತ ಶೇಕಡಾ 23ರಷ್ಟು ಹೆಚ್ಚೆಂದು ಕಂಡಿತು. ಶೇಕಡಾ 23 ಎಂದರೆ ನೂರರಲ್ಲಿ 23 ಜನಕ್ಕೆ ಆಗುತ್ತದೆಂದಲ್ಲ. ಹಗಲಿನವರಲ್ಲಿ ನೂರಕ್ಕೆ 10 ಜನಕ್ಕೆ ಆಗುವ ಕಡೆ, ಪಾಳಿಯವರಲ್ಲಿ 12 ಜನಕ್ಕೆ ಆದೀತು ಎಂದು ಅರ್ಥ. 2018ರ ಇನ್ನೊಂದು ಒಟ್ಟು ಲೆಕ್ಕದಂತೆ ಮೊದಲ ಐದು ವರ್ಷ ದಾಟಿದ ಮೇಲೆ ಪ್ರತಿ ಐದು ವರ್ಷದ ಪಾಳಿಗೂ ಹೃದಯ-ರಕ್ತನಾಳಗಳ ಕಾಯಿಲೆಯ ಅಪಾಯ ಸುಮಾರು ಶೇಕಡಾ 7ರಂತೆ ಏರುತ್ತದೆ. ಅಮೆರಿಕದ 1,89,158 ದಾದಿಯರನ್ನು 24 ವರ್ಷ ಗಮನಿಸಿ 2016ರಲ್ಲಿ ಪ್ರಕಟಿಸಿದ ವರದಿಯೂ ಹತ್ತು ವರ್ಷ ಮೀರಿ ರಾತ್ರಿ ಪಾಳಿ ಮಾಡಿದವರಲ್ಲಿ ಅಪಾಯ ಹೆಚ್ಚೆಂದೇ ಹೇಳಿತು. ಆದರೆ ಅದರಲ್ಲಿ ಒಂದು ಸಮಾಧಾನದ ಮಾತೂ ಇತ್ತು: ಪಾಳಿ ಬಿಟ್ಟು ವರ್ಷ ಕಳೆದಂತೆ ಅಪಾಯ ಇಳಿಯುವ ಸೂಚನೆ ಕಂಡಿತು. ಹೋದ ವರ್ಷಗಳ ಸಾಲ ತೀರುವುದೇ ಇಲ್ಲ ಎಂದೇನಿಲ್ಲ.

ಇವೆಲ್ಲ ಗಿರಣಿಯವರ, ದಾದಿಯರ ಲೆಕ್ಕ, ರೈತನದಲ್ಲವಲ್ಲ ಎನ್ನಬಹುದು. ನಿಜ. ಮೈಮುರಿದು ದುಡಿಯುವುದು ಹೃದಯಕ್ಕೆ ಒಳ್ಳೆಯದು, ಆ ಲಾಭ ರೈತನಿಗುಂಟು. ಆದರೆ ಬೇರೆ ಕೆಲವು ವಿಷಯಗಳಲ್ಲಿ ಅವನ ಪಾಳಿ ಕಾರ್ಖಾನೆಯ ಪಾಳಿಗಿಂತ ಕೆಟ್ಟದ್ದು. ಕಾರ್ಖಾನೆಯವನಿಗೆ ಮುಂದಿನ ವಾರದ ಪಾಳಿ ಯಾವುದೆಂದು ಗೋಡೆಗೆ ಅಂಟಿಸಿದ ಪಟ್ಟಿ ಹೇಳುತ್ತದೆ, ವಾರಕ್ಕೊಂದು ರಜೆ ಇರುತ್ತದೆ. 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದ ಬಂದ ಕಟ್ಟಳೆ ಇದು. ರೈತನಿಗೆ ಹತ್ತಕ್ಕೆ ಬರಬೇಕಾದ ಕರೆಂಟು ಹನ್ನೊಂದೂವರೆಗೆ ಬರುತ್ತದೆ, ನಡುವೆ ಟ್ರಿಪ್ ಆಗುತ್ತದೆ, ಮತ್ತೆ ಒಂದಕ್ಕೆ ಬರುತ್ತದೆ. ಮೋಟಾರಿನ ಲೈನಿಗೆ ಬಲ್ಬೊಂದನ್ನು ಸಿಕ್ಕಿಸಿ, ಅದು ಹತ್ತಿದೊಡನೆ ಏಳುವೆನೆಂದು ಅರೆಗಣ್ಣಿನಲ್ಲಿ ಒರಗುವುದನ್ನು ನಿದ್ದೆ ಎನ್ನಲಾಗದು.

ಮೇಲಾಗಿ ವಿಜಯಪುರ ಸೀಮೆಯ ಬಿಸಿಲು. ಏಪ್ರಿಲ್-ಮೇ ತಿಂಗಳಲ್ಲಿ ಪಾದರಸ 40 ಡಿಗ್ರಿ ದಾಟುವ ನಾಡಿನಲ್ಲಿ, ರಾತ್ರಿಯೆಲ್ಲ ಎದ್ದವನು ಬೆಳಿಗ್ಗೆ ಒಂಬತ್ತಕ್ಕೆ ತಗಡಿನ ಮನೆಯಲ್ಲಿ ಮಲಗಿದರೆ ಹನ್ನೊಂದಕ್ಕೆ ಬೆವರಿನಲ್ಲಿ ತೊಯ್ದು ಏಳುತ್ತಾನೆ. ಎದ್ದವನಿಗೆ ದನಕರು, ಸಂತೆ, ಸೊಸೈಟಿ ಎಂದು ಹಗಲಿನ ಕೆಲಸ ಕಾದಿರುತ್ತದೆ. ಅಲ್ಲಿನ ಹಳೆಯ ಮಾಳಿಗೆ ಮನೆಯ ದಪ್ಪ ಗೋಡೆ, ಮಣ್ಣಿನ ಮೇಲ್ಮುದ್ದೆ, ಕತ್ತಲೆಯ ಒಳಕೋಣೆ ಹಗಲು ನಿದ್ದೆಗೆ ಹೇಳಿ ಮಾಡಿಸಿದಂಥವು. ಅಂಥ ಮನೆ ಕೆಡವಿ ತಗಡು ಹೊದಿಸಿದವರು ಬೆಲೆ ತೆತ್ತದ್ದು ನಿದ್ದೆಯಲ್ಲಿ ಎಂದು ನನಗನ್ನಿಸುತ್ತದೆ.

ನಿದ್ದೆ ತಡೆಯಲು ಹೊಲದಲ್ಲಿ ಇರುವ ಸಾಧನ ಮೂರು: ಸಕ್ಕರೆ ಹೆಚ್ಚು ಹಾಕಿದ ಚಹಾ, ಬೀಡಿ, ತಂಬಾಕು ಅಥವಾ ಗುಟ್ಕಾ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೂ ಪಾಲ್ಗೊಂಡ, 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ತಂಬಾಕು, ರಕ್ತದ ಕೊಬ್ಬು, ರಕ್ತದೊತ್ತಡ, ಸಿಹಿಮೂತ್ರ, ಹೊಟ್ಟೆಯ ಬೊಜ್ಜು ಮೊದಲಾದ ಒಂಬತ್ತು ಕಾರಣಗಳೇ ಬಹುಪಾಲು ಹೃದಯಾಘಾತಗಳ ಹಿಂದೆ ಇವೆ ಎಂದು ಅದು ತೋರಿಸಿತು. ಭಾರತ ಮತ್ತು ನೆರೆಯ ದೇಶಗಳವರಿಗೆ ಮೊದಲ ಹೃದಯಾಘಾತವಾಗುವ ನಡು ವಯಸ್ಸು 53. ಉಳಿದವರಿಗೆ 59ರ ಹತ್ತಿರ. ನಿದ್ದೆಗೆಟ್ಟ ರಾತ್ರಿ ಈ ಒಂಬತ್ತರಲ್ಲಿ ಹಲವನ್ನು ಒಟ್ಟಿಗೇ ಮನೆಗೆ ಕರೆತರುತ್ತದೆ.

ನಮ್ಮ ತೋಟಗಳಲ್ಲಿ

ಇದು ಇಂಡಿ-ಸಿಂದಗಿಯವರ ಕಷ್ಟ, ನಮಗೇನು ಎನ್ನುವಂತಿಲ್ಲ. ಬಯಲುಸೀಮೆಯ ಕಡೆಯ ಅಡಿಕೆ ತೋಟಗಳು ಬೋರ್‌ವೆಲ್ಲನ್ನೇ ನಂಬಿವೆ. ಅಲ್ಲಿಯೂ ಕರೆಂಟಿನ ಸರದಿಯೇ ದಿನಚರಿ. ಮಲೆನಾಡಿನಲ್ಲಿ ಕೊಯ್ಲಿನ ಕಾಲಕ್ಕೆ ಮೆಟ್ಟುಗತ್ತಿಯ ಮುಂದೆ ನಡುರಾತ್ರಿಯವರೆಗೆ ಸುಲಿತ, ಆಮೇಲೆ ಬೇಯಿಸುವ ಹಂಡೆಯ ಕಾವಲು. ಕಾಫಿಯವರಿಗೆ ಹಣ್ಣು ಬಂದ ದಿನವೇ ಪಲ್ಪರ್ ಓಡಿಸಬೇಕು. ಫೆಬ್ರವರಿ-ಮಾರ್ಚಿಯಲ್ಲಿ ರೋಬಸ್ಟಾಕ್ಕೆ ಹೂವಿನ ನೀರು ಕೊಡುವಾಗ ಸ್ಪ್ರಿಂಕ್ಲರ್ ಪೈಪು ಬದಲಾಯಿಸಲು ರಾತ್ರಿಯಲ್ಲೂ ಏಳಬೇಕು. ಇವು ಕೆಲವು ವಾರಗಳ ಕೆಲಸ, ವರ್ಷವಿಡೀ ಪಾಳಿಯಂತಲ್ಲ. ವರ್ಷಕ್ಕೆ ಇಷ್ಟು ರಾತ್ರಿ ಎಂದು ಒಮ್ಮೆ ಎಣಿಸಿ ನೋಡಿದರೆ ನಾವು ಯಾವ ಸಾಲಿನಲ್ಲಿದ್ದೇವೆ ಎಂಬುದು ತಿಳಿಯುತ್ತದೆ.

ಹಾಗಾದರೆ ಮಾಡಬಹುದಾದದ್ದೇನು? ರಾತ್ರಿ ಏಳುವುದನ್ನೇ ತಪ್ಪಿಸುವುದು ಮೊದಲ ಉಪಾಯ. ಅದನ್ನು ಕೊನೆಗೆ ಹೇಳುತ್ತೇನೆ. ತಪ್ಪಿಸಲಾಗದವರಿಗೆ ಮೊದಲು ನಿದ್ದೆಯ ಮಾತು. ರಾತ್ರಿ ಕರೆಂಟಿನ ವಾರ ಬಂದರೆ ಸಂಜೆಯೇ ಒಂದೂವರೆ ಗಂಟೆ ಮಲಗಿ ಎದ್ದು ಹೋಗುವುದು, ಬೆಳಿಗ್ಗೆ ಬಂದೊಡನೆ ಬೇರೆ ಕೆಲಸಕ್ಕೆ ಕೈಹಾಕದೆ ಮಲಗುವುದು. ಕಿಟಕಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಬೇಕು. ಕಣ್ಣಿಗೆ ಬೆಳಕು ಬಿದ್ದರೆ ಒಳಗಿನ ಗಡಿಯಾರ ಮಲಗಗೊಡದು. ಮನೆಯವರು ಇದನ್ನು ಸೋಮಾರಿತನವೆಂದು ತಿಳಿಯಬಾರದು. ಹಗಲು ಮಲಗಿದವನನ್ನು ಏಳಿಸಲು ಬಂದ ನೆಂಟರನ್ನು ಬಾಗಿಲಲ್ಲೇ ತಡೆಯುವ ಗೃಹಿಣಿ ಗಂಡನ ಹೃದಯಕ್ಕೆ ಮಾತ್ರೆಗಿಂತ ಹೆಚ್ಚು ಉಪಕಾರ ಮಾಡುತ್ತಾಳೆ.

ಊಟದ ವಿಷಯದಲ್ಲಿ ಹೊಸ ತಿಳಿವಳಿಕೆ ಬಹಳ ಉಪಯುಕ್ತ. ಬಾಸ್ಟನ್ನಿನ ಅದೇ ಸಂಶೋಧಕರ ಬಳಗ 2021ರಲ್ಲಿ 19 ಮಂದಿಯನ್ನು ಪ್ರಯೋಗಾಲಯದಲ್ಲಿ ರಾತ್ರಿ ಪಾಳಿಗೆ ಹಾಕಿತು. ರಾತ್ರಿ ಉಂಡವರಲ್ಲಿ ಸಕ್ಕರೆ ಏರಿತು. ರಾತ್ರಿ ಎಚ್ಚರವಿದ್ದರೂ ಹಗಲು ಮಾತ್ರ ಉಂಡವರಲ್ಲಿ ಏರಲಿಲ್ಲ. 2025ರಲ್ಲಿ ಪ್ರಕಟವಾದ ಅವರ ಮುಂದಿನ ವರದಿ ಹೃದಯಕ್ಕೆ ಸಂಬಂಧಿಸಿದ ಅಳತೆಗಳಲ್ಲೂ ಹೀಗೆಯೇ ಎಂದು ಹೇಳಿದೆ. ಆದುದರಿಂದ ಹೊಲಕ್ಕೆ ಹೋಗುವ ಮೊದಲು, ಎಂಟರೊಳಗೆ ಹೊಟ್ಟೆತುಂಬ ಉಂಡು ಹೋಗಿ. ನಡುರಾತ್ರಿಯಿಂದ ಬೆಳಗಿನವರೆಗೆ ನೀರು, ಮಜ್ಜಿಗೆ ಸಾಕು. ತೀರ ಹಸಿವಾದರೆ ಒಂದು ಹಿಡಿ ಶೇಂಗಾ ಆಗಬಹುದು, ಬುತ್ತಿ ಬಿಚ್ಚಿ ಪೂರ್ತಿ ಊಟ ಬೇಡ. ಆದರೆ ಸಿಹಿಮೂತ್ರಕ್ಕೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟದ ಹೊತ್ತು ಬದಲಾಯಿಸಬಾರದು. ಸಕ್ಕರೆ ತೀರ ಇಳಿದು ಹೊಲದಲ್ಲೇ ಎಚ್ಚರ ತಪ್ಪೀತು.

ಕಾಫಿ ಬೆಳೆಗಾರರ ಪತ್ರಿಕೆಯಾದ್ದರಿಂದ ಕಾಫಿಯ ಮಾತು ಬಿಡಲಾಗದು. ದಣಿದಂತೆ ಮಿದುಳಿನಲ್ಲಿ ಅಡಿನೊಸಿನ್ ಎಂಬ ವಸ್ತು ಸೇರುತ್ತ ನಿದ್ದೆ ತರುತ್ತದೆ. ಕಾಫಿಯಲ್ಲಿರುವ ಕೆಫೀನ್ ಅದರ ದಾರಿಗೆ ಅಡ್ಡ ನಿಲ್ಲುತ್ತದೆ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಐದು ಗಂಟೆ ಕಳೆದರೂ ದೇಹದಲ್ಲಿರುತ್ತದೆ. ಅಂದರೆ ಪಾಳಿಯ ಆರಂಭದಲ್ಲಿ ಕುಡಿದ ಒಂದು ಲೋಟ ಕೆಲಸಕ್ಕೆ ಸಹಾಯಕ, ಬೆಳಗಿನ ಜಾವ ನಾಲ್ಕಕ್ಕೆ ಕುಡಿದದ್ದು ಮರುದಿನದ ನಿದ್ದೆಯ ಕಳ್ಳ. ರೋಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್ ಇದೆ; ಚಿಕೋರಿಯಲ್ಲಿ ಏನೂ ಇಲ್ಲ. ಆ ನಾಲ್ಕು ತಾಲ್ಲೂಕಿನಲ್ಲಿ ಕಾಫಿಗಿಂತ ಚಹಾದ ಬಳಕೆ ಹೆಚ್ಚು, ನಿಯಮ ಮಾತ್ರ ಒಂದೇ: ನಡುರಾತ್ರಿ ಕಳೆದ ಮೇಲೆ ಬೇಡ.

ಎಲೆ-ಅಡಿಕೆಯ ವಿಷಯ ನಮಗೆ ಮುಜುಗರದ್ದು, ಆದರೂ ಹೇಳಬೇಕು. ತಂಬಾಕು ಯಾವ ರೂಪದಲ್ಲಿ ಬಾಯಿಗೆ ಹೋದರೂ ಹೃದಯಕ್ಕೆ ಕೇಡು. ನಿದ್ದೆ ಹೋಗಲೆಂದು ರಾತ್ರಿಯಿಡೀ ಕವಳ ಇಟ್ಟುಕೊಳ್ಳುವ ಅಭ್ಯಾಸ ಹೃದಯಕ್ಕೂ ಬಾಯಿಗೂ ಆಗದು. ಅಡಿಕೆಯನ್ನೇ ಬಾಯಿಯ ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳ ಪಟ್ಟಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಸೇರಿಸಿದೆ. ಬೆಳೆಯುವವರು ನಾವೆಂದ ಮಾತ್ರಕ್ಕೆ ಇದನ್ನು ಸದಸ್ಯರಿಂದ ಮುಚ್ಚಿಡುವುದು ಸಲ್ಲದು.

ರಕ್ತದೊತ್ತಡ ಅಳೆಸಿಕೊಳ್ಳುವುದಕ್ಕೆ ಈಗ ಪಟ್ಟಣಕ್ಕೆ ಹೋಗಬೇಕಿಲ್ಲ. ಮೂವತ್ತು ದಾಟಿದವರ ಒತ್ತಡ ಮತ್ತು ಸಕ್ಕರೆ ತಪಾಸಣೆ ಹಳ್ಳಿಯ ಉಪಕೇಂದ್ರದಲ್ಲೇ ಉಚಿತ. 140/90 ಅಥವಾ ಅದಕ್ಕಿಂತ ಹೆಚ್ಚು ಒಂದಕ್ಕಿಂತ ಹೆಚ್ಚು ಸಲ ಬಂದರೆ ವೈದ್ಯರನ್ನು ಕಾಣಬೇಕು. ಆಗ ರಾತ್ರಿ ನೀರಿಗೆ ಹೋಗುವ ಸಂಗತಿಯನ್ನು ಬಾಯಿಬಿಟ್ಟು ಹೇಳಬೇಕು, ಅವರಾಗಿ ಕೇಳುವುದು ಅಪರೂಪ. ಒತ್ತಡದ ಮಾತ್ರೆಯ ವಿಷಯದಲ್ಲಿ ಪಾಳಿಯವರಿಗೊಂದು ಗೊಂದಲವುಂಟು: ಬೆಳಿಗ್ಗೆಯ ಮಾತ್ರೆ ಎಂದರೆ ಎದ್ದ ಮೇಲೋ, ಮಲಗುವ ಮೊದಲೋ? ಇಂಗ್ಲೆಂಡಿನ ಕಡೆ 21 ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪರೀಕ್ಷೆಯಂತೆ ಬೆಳಿಗ್ಗೆ ನುಂಗಿದರೂ ಸಂಜೆ ನುಂಗಿದರೂ ಹೃದಯದ ರಕ್ಷಣೆಯಲ್ಲಿ ವ್ಯತ್ಯಾಸವಿಲ್ಲ. ತಪ್ಪದೆ ನುಂಗುವುದು ಮುಖ್ಯ. ಆದ್ದರಿಂದ ಪಾಳಿ ಬದಲಾದರೂ ಬದಲಾಗದ ಯಾವುದಾದರೂ ಹೊತ್ತಿಗೆ, ಸಂಜೆ ಹಾಲು ಕರೆಯುವ ಹೊತ್ತಿಗೋ ದೀಪ ಹಚ್ಚುವ ಹೊತ್ತಿಗೋ, ಅದನ್ನು ಗಂಟುಹಾಕಿಕೊಂಡರೆ ಮರೆಯುವುದಿಲ್ಲ. ಹೊತ್ತು ಬದಲಾಯಿಸುವ ಮೊದಲು ವೈದ್ಯರಿಗೊಂದು ಮಾತು ತಿಳಿಸಿರಿ. ಮೂತ್ರ ಹೆಚ್ಚಿಸುವ ಮಾತ್ರೆಯಾಗಿದ್ದರೆ ಸಂಜೆ ನುಂಗಿ ನಿದ್ದೆ ಕೆಡಿಸಿಕೊಂಡಂತಾಗುತ್ತದೆ.

ಏಳದೆ ನೀರು ಹಾಯಿಸುವುದು

ಆಟೋ ಸ್ಟಾರ್ಟರ್ ಹಾಕಿದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಕರೆಂಟು ಬಂದ ಕ್ಷಣವೇ ಒಂದು ಟಿ.ಸಿ.ಯ ಕೆಳಗಿನ ಎಲ್ಲ ಪಂಪುಗಳೂ ಒಟ್ಟಿಗೆ ಹೊರಟರೆ ಟಿ.ಸಿ. ಸುಡುತ್ತದೆ, ಅದಕ್ಕೇ ವಿದ್ಯುತ್ ಕಂಪನಿಯವರು ಅದನ್ನು ಒಪ್ಪುವುದಿಲ್ಲ. ಒಂದೇ ಟಿ.ಸಿ.ಯವರು ಕೂತು ಮಾತಾಡಿ, ಒಬ್ಬರ ಟೈಮರಿಗೆ ಎರಡು ನಿಮಿಷ, ಇನ್ನೊಬ್ಬರದಕ್ಕೆ ನಾಲ್ಕು ನಿಮಿಷ ಎಂದು ತಡ ಹಂಚಿಕೊಂಡು, ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿನ ಒಪ್ಪಿಗೆ ಪಡೆಯುವುದು ಲೇಸು. ನೀರು ಬತ್ತಿದಾಗ ಮೋಟಾರು ತಾನೇ ನಿಲ್ಲುವ ಸಾಧನವೂ ಜೊತೆಗಿರಬೇಕು. ಕೃಷಿಹೊಂಡವೋ ತೊಟ್ಟಿಯೋ ಇದ್ದವರು ರಾತ್ರಿ ಅದನ್ನು ತುಂಬಿಸಿಕೊಂಡು ಹಗಲು ಹನಿ ನೀರಾವರಿಗೆ ಬಿಟ್ಟರೆ ರಾತ್ರಿ ಕೂಡುವ ಪ್ರಮೇಯವೇ ಇಲ್ಲ.

ಇದಕ್ಕೆಲ್ಲ ಹಣ ಹೊಂದಿಸಲಾರದವರಿಗೆ ನಮ್ಮ ಹಳೆಯ ಮುಯ್ಯಾಳು ಪದ್ಧತಿ ಇದ್ದೇ ಇದೆ. ನಾಟಿಗೆ, ಸುಲಿತಕ್ಕೆ ಮುಯ್ಯಿ ಇರುವಾಗ ರಾತ್ರಿ ನೀರಿಗೆ ಏಕಿರಬಾರದು? ಅಕ್ಕಪಕ್ಕದ ಐದು ಹೊಲದವರು ಸೇರಿ, ರಾತ್ರಿಗೆ ಇಬ್ಬರಂತೆ ಐವರ ಮೋಟಾರು ನೋಡಿಕೊಂಡರೆ ವಾರದಲ್ಲಿ ಏಳು ರಾತ್ರಿ ಏಳುವವನು ಮೂರಕ್ಕಿಂತ ಹೆಚ್ಚು ರಾತ್ರಿ ಏಳಬೇಕಿಲ್ಲ, ಎದ್ದ ರಾತ್ರಿಯೂ ಒಂಟಿಯಾಗಿರುವುದಿಲ್ಲ. ನೀರಿನ ವಿಷಯದಲ್ಲಿ ಅಣ್ಣತಮ್ಮಂದಿರೇ ನಂಬುವುದಿಲ್ಲ ಎಂಬುದು ಗೊತ್ತು. ಮೊದಲು ನಂಬಿಕೆಯಿರುವ ಇಬ್ಬರಿಂದಲೇ ಆರಂಭಿಸಲಿ.

ಹಗಲು ಕರೆಂಟಿನ ಬೇಡಿಕೆ ಈಗ ಅಸಾಧ್ಯದ್ದೂ ಅಲ್ಲ. ಸೂರ್ಯಶಕ್ತಿಯ ಕರೆಂಟು ಹುಟ್ಟುವುದೇ ಹಗಲು. ಪಾವಗಡದ ಸೌರ ಪಾರ್ಕೊಂದರಲ್ಲೇ 2050 ಮೆಗಾವಾಟ್ ಸಾಮರ್ಥ್ಯವಿದೆ. 2019ರಲ್ಲಿ ಕೇಂದ್ರ ಸರ್ಕಾರ ತಂದ ಕುಸುಮ್ ಯೋಜನೆಯಲ್ಲಿ ಪಂಪ್‌ಸೆಟ್ಟುಗಳ ಫೀಡರನ್ನೇ ಸೂರ್ಯಶಕ್ತಿಗೆ ಜೋಡಿಸುವ ಅವಕಾಶವಿದೆ. ಗುಜರಾತಿನಲ್ಲಿ ಹಗಲು ಕರೆಂಟು ಕೊಡುವುದಕ್ಕೆಂದೇ 2020ರಲ್ಲಿ ಪ್ರತ್ಯೇಕ ಯೋಜನೆ ಆರಂಭವಾಯಿತು. ಸಂಘಗಳು ಅರ್ಜಿ ಬರೆಯುವಾಗ ಬೆಳೆ ಒಣಗುತ್ತದೆ ಎಂಬುದರ ಜೊತೆಗೆ ರೈತನ ಆರೋಗ್ಯದ ಕಾರಣವನ್ನೂ ಬರೆಯಲಿ.

ಕೊನೆಯದಾಗಿ, ಹೊಲದಲ್ಲಿ ಒಬ್ಬನೇ ಇದ್ದಾಗ ಎದೆಯ ನಡುವೆ ಭಾರವಿಟ್ಟಂತಾಗಿ, ನೋವು ಎಡತೋಳಿಗೋ ದವಡೆಗೋ ಹರಿದು, ತಣ್ಣನೆ ಬೆವರು ಬಂದರೆ ಗ್ಯಾಸ್ ಎಂದು ಸೋಡಾ ಕುಡಿದು ಒರಗಬಾರದು. ಸಿಹಿಮೂತ್ರ ಇರುವವರಿಗೆ ನೋವೇ ಇಲ್ಲದೆ ಬರಿ ಏದುಸಿರು, ಸುಸ್ತು ಆಗಬಹುದು. ತಾನೇ ಬೈಕು ಓಡಿಸಿಕೊಂಡು ಹೊರಡಬಾರದು. 108ಕ್ಕೆ ಫೋನು, ಆಮೇಲೆ ಮನೆಗೆ ಫೋನು. ಇಂಡಿಯಿಂದಾಗಲಿ ಮುದ್ದೇಬಿಹಾಳದಿಂದಾಗಲಿ ಜಿಲ್ಲಾಸ್ಥಳ ದೂರ. ಆದರೆ ಮೊದಲ ಚಿಕಿತ್ಸೆಗೆ ಅಷ್ಟು ದೂರ ಹೋಗುವವರೆಗೆ ಕಾಯಬೇಕಾಗಿಲ್ಲ. ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ 2023ರಲ್ಲಿ ಆರಂಭವಾದ ಹೃದಯ ಜ್ಯೋತಿ ಯೋಜನೆಯಲ್ಲಿ, ಆಯ್ದ ತಾಲ್ಲೂಕು ಆಸ್ಪತ್ರೆಗಳಲ್ಲೇ ಇ.ಸಿ.ಜಿ. ತೆಗೆದು ದೂರದ ತಜ್ಞರಿಗೆ ಕಳುಹಿಸಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ನಿಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲಿ ಈ ಸೌಕರ್ಯವಿದೆಯೇ, ಇಲ್ಲವಾದರೆ ಹತ್ತಿರದಲ್ಲಿ ಎಲ್ಲಿದೆ ಎಂಬುದನ್ನು ಈಗಲೇ ವಿಚಾರಿಸಿ, ಆ ಆಸ್ಪತ್ರೆಯ ಹೆಸರನ್ನು ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲ ಒಳಮೈಗೆ ಬಣ್ಣದಲ್ಲಿ ಬರೆದಿಡಿ.